ಸೆರೆಮನೆಯಲ್ಲಿ ಸ್ತುತಿಗೀತೆ



ಫಿಲಿಪ್ಪಿಯ ಸೆರೆಮನೆಯಲ್ಲಿ ಪೆಟ್ಟು ತಿಂದು, ಕಾಲಿಗೆ ಕೋಳ ಬಿಗಿಸಿಕೊಂಡಿದ್ದ ಪೌಲ ಮತ್ತು ಸೀಲರು ನಡುರಾತ್ರಿಯಲ್ಲಿ ಸ್ತುತಿಗೀತೆ ಹಾಡುತ್ತಿದ್ದರು. ಉಳಿದ ಸೆರೆಯಾಳುಗಳು ಕಿವಿಗೊಟ್ಟು ಕೇಳುತ್ತಿದ್ದರು. ಭೂಕಂಪವಾಗಿ ಬಾಗಿಲುಗಳು ತೆರೆದುಕೊಂಡರೂ ಒಬ್ಬನೂ ಓಡಿಹೋಗಲಿಲ್ಲ (ಪ್ರೇಷಿತರ ಕಾರ್ಯಕಲಾಪಗಳು 16:25-28). ಹಾಡು ಅವರನ್ನು ಒಂದಾಗಿ ಬೆಸೆದಿತ್ತು ಎನ್ನಬಹುದಲ್ಲವೇ?

ನಮ್ಮ ಕಾಲದಲ್ಲೂ ಇಂಥ ನಿದರ್ಶನಗಳಿವೆ. ಅಮೆರಿಕದ ಅಯೋವಾ ರಾಜ್ಯದ ಓಕ್‌ಡೇಲ್ ಸೆರೆಮನೆಯಲ್ಲಿ 2009ರಲ್ಲಿ ಪ್ರಾಧ್ಯಾಪಕಿ ಮೇರಿ ಕೋಹೆನ್ ಗಾನವೃಂದವೊಂದನ್ನು ಕಟ್ಟಿದರು. ಸೆರೆಯಾಳುಗಳೂ ಹೊರಗಿನ ನಾಗರಿಕರೂ ಅಲ್ಲಿ ಒಟ್ಟಿಗೆ ನಿಂತು ಹಾಡಿದರು. ಕೆಲವು ಹಾಡುಗಳನ್ನು ಸೆರೆಯಾಳುಗಳೇ ಬರೆದರು.

ಕೂಡಿ ಹಾಡುವವನು ಪಕ್ಕದವನ ದನಿಗೆ ಕಿವಿಗೊಡಬೇಕು, ತನ್ನ ಸರದಿಗೆ ಕಾಯಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ ಹಾಡಬೇಕು. ಬಿಡುಗಡೆಯಾದ ಮೇಲೆ ಸಮಾಜದಲ್ಲಿ ಬಾಳಲು ಬೇಕಾದ ಪಾಠವೂ ಇದೇ. ಹಾಡು ಅಪರಾಧವನ್ನು ಅಳಿಸದು, ನೊಂದವರ ಕಣ್ಣೀರನ್ನು ಮರೆಸಲೂ ಬಾರದು. ಆದರೂ, ಕೈದಿ ಎಂದಷ್ಟೇ ಕರೆಯಿಸಿಕೊಂಡವನು ಅಲ್ಲಿ ಇತರರಿಗೆ ಬೇಕಾದ ಮನುಷ್ಯನಾಗುತ್ತಾನೆ.

ಸೆರೆಯಲ್ಲಿರುವವರನ್ನು ಸಂದರ್ಶಿಸುವುದು ದಯಾಕಾರ್ಯವೆಂದು ಧರ್ಮೋಪದೇಶದಲ್ಲಿ ಎಲ್ಲರೂ ಕಲಿತಿದ್ದೇವೆ. ಶಿಕ್ಷೆ ಮುಗಿಸಿದ ಸಹೋದರನೊಬ್ಬ ಭಾನುವಾರದ ಬಲಿಪೂಜೆಗೆ ಬಂದು ನಿಮ್ಮ ಪಕ್ಕದಲ್ಲೇ ನಿಂತರೆ, ನಿಮ್ಮ ಕೈಯಲ್ಲಿರುವ ಗೀತೆಗಳ ಪುಸ್ತಕವನ್ನು ಅವನತ್ತ ಸರಿಸುವಿರಾ?