ತಲೆಯ ಚಿತ್ರವೂ ನ್ಯಾಯದೃಷ್ಟಿಯೂ

ಚಿತ್ರಕಲೆಯನ್ನು ಅಭ್ಯಾಸ ಮಾಡತಕ್ಕವರು ಸುಲಭವೆಂದು ಭಾವಿಸಿ ಕೈಹಾಕುವ, ಆಮೇಲೆ ಬಹುಕಾಲದವರೆಗೆ ವಶವಾಗದೆ ಕಾಡುವ ವಸ್ತುವೊಂದುಂಟು. ಅದು ಮನುಷ್ಯನ ತಲೆ. ಮರವನ್ನು ಬರೆಯುವಾಗ ಕೊಂಬೆಯೊಂದು ಅತ್ತಿತ್ತ ಸರಿದರೆ ಕೇಳುವವರಿಲ್ಲ. ಮುಖದಲ್ಲಿ ಕಣ್ಣು ಕೂದಲೆಳೆಯಷ್ಟು ಸರಿದರೂ ಆ ಮನುಷ್ಯನು ಬೇರೊಬ್ಬನಾಗಿಬಿಡುತ್ತಾನೆ. ಇದು ಕೈಯ ಪಳಗುವಿಕೆಗೆ ಸಂಬಂಧಪಟ್ಟ ಮಾತೆಂದು ತೋರಬಹುದು. ವಿಚಾರಮಾಡಿ ನೋಡಿದರೆ, ಇನ್ನೊಬ್ಬ ಮನುಷ್ಯನನ್ನು ಸರಿಯಾಗಿ ಕಾಣುವುದೆಂದರೇನು ಎಂಬ ಧರ್ಮಪ್ರಶ್ನೆಯೂ ಇದರಲ್ಲಿ ಅಡಗಿದೆ.

ಹೊಸ ಅಭ್ಯಾಸಿಗಳ ತಪ್ಪುಗಳು ಹೆಚ್ಚಾಗಿ ಒಂದೇ ಬಗೆಯವು. ಪ್ರಾಯಕ್ಕೆ ಬಂದವರ ತಲೆಯಲ್ಲಿ ಕಣ್ಣುಗಳು ನೆತ್ತಿಗೂ ಗದ್ದಕ್ಕೂ ಸರಿಸುಮಾರು ನಡುವೆ ಇರುತ್ತವೆ. ಅಭ್ಯಾಸಿಯಾದರೋ ಅವುಗಳನ್ನು ಬಹಳ ಮೇಲಕ್ಕೆ ಏರಿಸುತ್ತಾನೆ. ಏಕೆಂದರೆ ಕಣ್ಣು, ಮೂಗು, ಬಾಯಿಗಳಲ್ಲಿ ಅವನಿಗೆ ಇರುವ ಆಸಕ್ತಿಯು ಕೂದಲು ಮುಚ್ಚಿದ ಬುರುಡೆಯಲ್ಲಿ ಇಲ್ಲ. ತಲೆಯು ಸ್ವಲ್ಪ ಪಕ್ಕಕ್ಕೆ ತಿರುಗಿದಾಗ ಆಚೆಯ ಕಣ್ಣು ಕಿರಿದಾಗಿ, ಆಚೆಯ ಕೆನ್ನೆ ಸಣ್ಣ ಪಟ್ಟಿಯಷ್ಟೇ ಆಗಿ ಉಳಿಯುತ್ತದೆ. ಅವನು ಎರಡು ಕಣ್ಣುಗಳನ್ನೂ ಸಮನಾಗಿಯೇ ಬರೆಯುತ್ತಾನೆ. ತಲೆ ತಗ್ಗಿಸಿದಾಗ ಕಿವಿಯು ಕಣ್ಣಿಗಿಂತ ಮೇಲೇರಿದಂತೆಯೂ, ತಲೆಯೆತ್ತಿದಾಗ ಕೆಳಗಿಳಿದಂತೆಯೂ ಕಾಣುತ್ತದೆ. ಅವನ ಚಿತ್ರದಲ್ಲಿ ಕಿವಿಯು ಹುಬ್ಬಿಗೂ ಮೂಗಿನ ಬುಡಕ್ಕೂ ನೇರವಾಗಿ ಕದಲದೆ ನಿಂತಿರುತ್ತದೆ. ಈ ತಪ್ಪುಗಳಿಗೆಲ್ಲ ಕಾರಣವು ಅಜ್ಞಾನವೆನ್ನುವಂತಿಲ್ಲ. ಕಣ್ಣುಗಳು ಎರಡು, ಅವು ಸಮ, ಕಿವಿಯ ಸ್ಥಾನ ಇಂತಹದು ಎಂದು ಅವನಿಗೆ ಗೊತ್ತಿದೆ. ಗೊತ್ತಿರುವುದೇ ಅವನ ದೃಷ್ಟಿಗೆ ಅಡ್ಡವಾಗಿ ನಿಂತಿದೆ. ಎದುರಿಗೆ ಕುಳಿತವನನ್ನು ಬಿಟ್ಟು, ತನ್ನ ಮನಸ್ಸಿನಲ್ಲಿ ಮೊದಲೇ ಸಿದ್ಧವಾಗಿರುವ ಮುಖವೊಂದನ್ನು ಅವನು ಬರೆಯುತ್ತಿದ್ದಾನೆ.

ನಮ್ಮ ಹಿಂದಿನ ಶಾಸ್ತ್ರಕಾರರು ಈ ತೊಡಕನ್ನು ಚೆನ್ನಾಗಿ ಬಲ್ಲವರಾಗಿದ್ದರು. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಒಂಬತ್ತು ಸ್ಥಾನಗಳನ್ನು ಹೇಳಿದೆ. ಎಂದರೆ ದೇಹವು ನೋಡುವವನಿಗೆ ಎದುರಾಗಿ, ಓರೆಯಾಗಿ, ಪಕ್ಕವಾಗಿ, ಬೆನ್ನಾಗಿ ತಿರುಗುವ ಬಗೆಗಳು. ತಿರುಗಿದ ಅಂಗವು ಎಲ್ಲಿ ಕುಗ್ಗುತ್ತದೆ, ಎಲ್ಲಿ ಹಿಗ್ಗುತ್ತದೆ ಎಂಬುದಕ್ಕೆ ಅಲ್ಲಿ ‘ಕ್ಷಯವೃದ್ಧಿ’ ಎಂದು ಹೆಸರು. ಕಲ್ಯಾಣದಿಂದ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ಋಜು, ಸಾಚಿ, ಭಿತ್ತಿಕ ಮೊದಲಾದ ಹೆಸರುಗಳಿಂದ ಇದೇ ವಿಷಯವನ್ನು ನಿರೂಪಿಸಿದ್ದಾನೆ. ಯೂರೋಪಿನಲ್ಲಿ ಡ್ಯೂರರನು ಮನುಷ್ಯನ ಅಂಗಪ್ರಮಾಣಗಳನ್ನು ಕುರಿತು ಬರೆದ ನಾಲ್ಕು ಪುಸ್ತಕಗಳು ಅವನು ತೀರಿಕೊಂಡ ೧೫೨೮ರಲ್ಲಿಯೇ ಅಚ್ಚಾದುವು. ಅವುಗಳಲ್ಲಿಯೂ ಒಂದೇ ತಲೆಯನ್ನು ಬೇರೆ ಬೇರೆ ಮಗ್ಗುಲುಗಳಿಂದ ಗೆರೆಯೆಳೆದು ತೋರಿಸಿದೆ. ಕುಗ್ಗಿದ ಕಣ್ಣು ಊನವಾದ ಕಣ್ಣಲ್ಲ, ಅದು ತಿರುಗಿದ ಕಣ್ಣು ಎಂಬ ಅರಿವು ಇವರೆಲ್ಲರಿಗೂ ಸಮಾನವಾದದ್ದು.

ಇಲ್ಲಿ ಒಂದು ಸಂದೇಹವು ಏಳುತ್ತದೆ. ನಿಂತ ಸ್ಥಳಕ್ಕೆ ತಕ್ಕಂತೆ ಮುಖವು ಬದಲಾಗುವುದಾದರೆ, ಯಾರಿಗೆ ಕಂಡದ್ದು ಅವರಿಗೆ ಸತ್ಯವೆಂದು ಸುಮ್ಮನಾಗಬೇಕೆ? ಹಾಗಲ್ಲ. ಒಬ್ಬನನ್ನು ನಡುವೆ ಕೂರಿಸಿ ಹತ್ತು ಮಂದಿ ಸುತ್ತಲೂ ಕುಳಿತು ಬರೆದರೆ ಹತ್ತು ಬೇರೆ ಬೇರೆ ಚಿತ್ರಗಳಾಗುತ್ತವೆ. ಹತ್ತೂ ನಿಜವಾಗಿರಬಹುದು, ಹತ್ತೂ ಸುಳ್ಳಾಗಿರಲೂಬಹುದು. ನಡುವೆ ಇರುವ ತಲೆಯು ಒಂದೇ. ಆದುದರಿಂದ ಒಂದೊಂದು ಚಿತ್ರವನ್ನೂ ಅದು ಬರೆಯಲ್ಪಟ್ಟ ಜಾಗದಿಂದಲೇ ಪರೀಕ್ಷಿಸಬೇಕು. ಬಲ್ಲ ಗುರುವು ಶಿಷ್ಯನ ಚಿತ್ರವನ್ನು ತಿದ್ದುವ ಮೊದಲು ಶಿಷ್ಯನನ್ನು ಎಬ್ಬಿಸಿ, ಅವನ ಮಣೆಯ ಮೇಲೆ ತಾನು ಕುಳಿತು ನೋಡುತ್ತಾನೆ. ದೂರದಲ್ಲಿ ನಿಂತು, ಕಿವಿ ಎರಡಿರಬೇಕಲ್ಲ, ಒಂದೇ ಏಕೆ ಬರೆದೆ ಎಂದು ಗದರಿಸುವವನು ಗುರುವಾಗಲಾರನು.

ಎಷ್ಟು ಮಗ್ಗುಲುಗಳನ್ನು ನೋಡಿದರೆ ಮನುಷ್ಯನು ಪೂರ್ತಿಯಾಗಿ ಕಂಡಂತಾಗುತ್ತದೆ? ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸನ ತಲೆಯನ್ನು ೧೬೩೫-೩೬ರ ಸುಮಾರಿನಲ್ಲಿ ವ್ಯಾನ್ ಡೈಕನು ಒಂದೇ ಪಟದಲ್ಲಿ ಮೂರು ಕಡೆಯಿಂದ ಚಿತ್ರಿಸಿದನು. ರೋಮಿನಲ್ಲಿದ್ದ ಶಿಲ್ಪಿ ಬರ್ನೀನಿಯು ದೊರೆಯನ್ನು ಎದುರಿಗೆ ಕೂರಿಸಿಕೊಳ್ಳದೆ, ಈ ಪಟವನ್ನೇ ನೋಡಿ ಅಮೃತಶಿಲೆಯಲ್ಲಿ ವಿಗ್ರಹವನ್ನು ಕೆತ್ತಬೇಕಾಗಿತ್ತು, ಕೆತ್ತಿದನು. ೧೬೯೮ರಲ್ಲಿ ವೈಟ್‌ಹಾಲ್ ಅರಮನೆಗೆ ಬೆಂಕಿ ಬಿದ್ದಾಗ ಆ ವಿಗ್ರಹವು ನಾಶವಾಯಿತು. ಪಟವು ಮಾತ್ರ ಉಳಿದಿದೆ. ಮೂರು ಮುಖಗಳ ನಡುನಡುವೆ ಪಟದಲ್ಲಿ ಇಲ್ಲದ ಎಷ್ಟೋ ಮುಖಗಳನ್ನು ಶಿಲ್ಪಿಯು ತಾನೇ ಊಹಿಸಿ ತುಂಬಬೇಕಾಗಿತ್ತು. ಮಗ್ಗುಲುಗಳನ್ನು ಎಣಿಸಿ ಮುಗಿಸುವುದು ಯಾರಿಂದಲೂ ಆಗದು.

ಎಣಿಸಿ, ಅಳೆದು ಮುಗಿಸಿದೆವೆಂದು ನಂಬಿದವರೂ ಇದ್ದರು. ೧೯೦೧ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ರಿಸ್ಲಿಯು ನಮ್ಮ ದೇಶದ ಜನರ ತಲೆಮೂಗುಗಳನ್ನು ಅಳೆಯಿಸಿ, ಮೂಗಿನ ಅಗಲ ಹೆಚ್ಚಿದಷ್ಟೂ ಜಾತಿಯ ಅಂತಸ್ತು ಇಳಿಯುತ್ತದೆಂದು ಸಿದ್ಧಾಂತಮಾಡಿದನು. ೧೯೦೮ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ ಇದನ್ನು ಕಾಣಬಹುದು. ಆ ಸಿದ್ಧಾಂತವು ನಿಲ್ಲಲಿಲ್ಲ. ಚಿತ್ರಕಾರನೂ ಅಳೆಯುತ್ತಾನೆ, ಅವನೂ ಅಳೆದನು, ಭೇದವೆಲ್ಲಿ? ಚಿತ್ರಕಾರನಿಗೆ ಅಳತೆಯು ನೋಟಕ್ಕೆ ಊರುಗೋಲು. ಸಾಮಾನ್ಯ ಪ್ರಮಾಣವನ್ನು ಅವನು ಕಲಿಯುವುದು, ಎದುರಿಗಿರುವ ಈ ಒಬ್ಬನು ಅದರಿಂದ ಎಲ್ಲಿ ಬೇರೆಯಾಗುತ್ತಾನೆಂದು ಕಂಡುಕೊಳ್ಳುವುದಕ್ಕಾಗಿ. ಮತ್ತೊಬ್ಬನಿಗೆ ಅಳತೆಯೇ ತೀರ್ಪು. ಅಳೆದಮೇಲೆ ನೋಡಬೇಕಾದ ಅಗತ್ಯವೇ ಇಲ್ಲ. ಕನ್ನಡದಲ್ಲಿ ಮಾನವೆಂದರೆ ಅಳತೆಯೂ ಹೌದು, ಮರ್ಯಾದೆಯೂ ಹೌದು. ಮೊದಲನೆಯ ಮಾನವು ಎರಡನೆಯದನ್ನು ನುಂಗುವಲ್ಲಿ ಅನ್ಯಾಯವು ಹುಟ್ಟುತ್ತದೆ.

ಹಾಗಾದರೆ ಯಾರನ್ನು ಕುರಿತೂ ಯಾವ ನಿರ್ಣಯವನ್ನೂ ಮಾಡಕೂಡದೆ? ನ್ಯಾಯಾಧಿಪತಿಯು ತೀರ್ಪು ಕೊಡಲೇಬೇಕು. ಮಗಳನ್ನು ಕೊಡುವ ತಂದೆ, ಸಾಲ ಕೊಡುವ ವರ್ತಕ, ಸ್ನೇಹಕ್ಕೆ ಕೈನೀಡುವವನು, ಇವರೆಲ್ಲರೂ ಅರೆಕಂಡ ಮುಖದ ಮೇಲೆಯೇ ನಿಶ್ಚಯಿಸಬೇಕಾಗಿದೆ. ಚಿತ್ರಕಾರನೂ ಒಂದು ಕಡೆ ಕುಳಿತು, ಕಂಡಷ್ಟನ್ನೇ ಬರೆದು ಮುಗಿಸುತ್ತಾನೆ. ಅವನು ಕಾಣದ ಕೆನ್ನೆಯನ್ನು ಬರೆಯಬೇಕಾದುದಿಲ್ಲ. ಆದರೆ ಕಾಣುವ ಕೆನ್ನೆಯ ಅಂಚು ಆಚೆಗೆ ಹೊರಳಿ ಮುಂದುವರಿಯುತ್ತದೆಂಬುದು ಅವನ ಗೆರೆಯಲ್ಲಿ ತೋರಬೇಕು. ತೋರದಿದ್ದರೆ ತಲೆಯು ಕತ್ತರಿಸಿದ ಕಾಗದದಂತೆ ಚಪ್ಪಟೆಯಾಗುತ್ತದೆ. ಮನುಷ್ಯರನ್ನು ಕುರಿತ ನಮ್ಮ ಮಾತಿಗೂ ಇದೇ ಕಟ್ಟಳೆಯು ಸಲ್ಲುತ್ತದೆ. ಇವನು ಜಿಪುಣನು, ಇವಳು ಗಯ್ಯಾಳಿ ಎಂದು ಊರು ಆಡುವ ಮಾತಿನಲ್ಲಿ ಸುಳ್ಳೇ ಇರಬೇಕೆಂದಿಲ್ಲ. ಆ ಮಗ್ಗುಲು ಇರಬಹುದು. ಆ ಮಾತಿಗೆ ಅಂಚಿನ ಹೊರಳು ಇಲ್ಲ, ಅದೇ ದೋಷ. ಆ ಜಿಪುಣನ ಮನೆಯಲ್ಲಿ ಬಹುದಿನದ ರೋಗಿಯಿರಬಹುದು. ಆ ಗಯ್ಯಾಳಿಯ ಬೆನ್ನಹಿಂದೆ ತಂದೆಯಿಲ್ಲದ ನಾಲ್ಕು ಮಕ್ಕಳಿರಬಹುದು. ಅದನ್ನು ತಿಳಿಯದವನು ತಿಳಿದಂತೆ ಹೇಳಬೇಕಾಗಿಲ್ಲ. ತನಗೆ ಕಾಣದ ಕಡೆಯೊಂದು ಉಂಟೆಂದು ಒಪ್ಪಿ ಮಾತಾಡಿದರೆ ಸಾಕು.

ಕೊನೆಯದಾಗಿ, ನಮ್ಮ ನಮ್ಮ ಮುಖಗಳ ವಿಚಾರ. ಕನ್ನಡಿಯು ನಮಗೆ ತೋರಿಸುವುದು ಎದುರುಮುಖವನ್ನು, ಅದನ್ನೂ ಎಡಬಲ ಮಾಡಿ. ನಮ್ಮ ಪಕ್ಕದ ಮುಖವನ್ನು ನಾವು ಸರಿಯಾಗಿ ನೋಡಬೇಕಾದರೆ ಎರಡನೆಯ ಕನ್ನಡಿ ಬೇಕು, ಇಲ್ಲವೆ ಇನ್ನೊಬ್ಬರು ಬರೆದುಕೊಡಬೇಕು. ನೆರೆಯವರಿಗೆಲ್ಲ ದಿನವೂ ಕಾಣುವ ಆ ಮಗ್ಗುಲು ನಮ್ಮೊಬ್ಬರಿಗೆ ಮರೆಯಾಗಿದೆ. ಯಾರಾದರೂ ಅದನ್ನು ಕಂಡಂತೆ ಹೇಳಿದಾಗ, ಇದು ನಾನಲ್ಲವೆಂದು ಸಿಡಿಮಿಡಿಗೊಳ್ಳುವ ಮೊದಲು, ಹೇಳಿದವರು ಎಲ್ಲಿ ಕುಳಿತು ನೋಡಿದರೆಂದು ಕೇಳಿಕೊಂಡು, ಆ ಮಣೆಯ ಮೇಲೆ ಒಂದು ಗಳಿಗೆ ಕುಳಿತು ಬರುವುದು ಒಳ್ಳೆಯದು. ತಲೆಯ ಚಿತ್ರವನ್ನು ಬರೆಯಲು ಕಲಿಯುವವನು ಪಡುವ ಶ್ರಮವೆಲ್ಲ ಇಷ್ಟೇ: ತಾನು ಬಲ್ಲೆನೆಂಬುದನ್ನು ಕ್ಷಣಕಾಲ ಬದಿಗಿಟ್ಟು ನೋಡುವುದು. ಅದನ್ನು ಕಲಿತವನ ಚಿತ್ರವು ಚೆನ್ನಾಗಿ ಬರಲಿ, ಬಾರದಿರಲಿ, ಅವನ ನೆರೆಹೊರೆಗೆ ಅದರಿಂದ ಹಿತವುಂಟು.