ಮೂಗಿನ ಅಂದ ಮತ್ತು ಅಂಗಾಂಶದ ಮೂಲ

ಮೂಗಿನ ರೂಪವನ್ನು ತಿದ್ದುವ ಶಸ್ತ್ರಚಿಕಿತ್ಸೆಯು ಶ್ರಾವಕರಿಗೆ ಯೋಗ್ಯವೇ ಎಂಬ ಚರ್ಚೆಯು ಸಾಮಾನ್ಯವಾಗಿ ರೂಪಮೋಹದ ಸುತ್ತಲೇ ಸುತ್ತುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಎಂಟು ಮದಗಳಲ್ಲಿ ಶರೀರಮದವೂ ಸೇರಿರುವುದರಿಂದ ಇದು ಸಹಜವೇ. ಆದರೆ ಅದಕ್ಕೂ ಮೊದಲು ಕೇಳಬೇಕಾದದ್ದೊಂದಿದೆ: ಮೂಗಿನೊಳಗೆ ಕಸಿ ಮಾಡುವ ಅಂಗಾಂಶವು ಯಾವ ಜೀವದ್ದು?

ಈ ವಿದ್ಯೆ ಭಾರತಕ್ಕೆ ಹೊಸದಲ್ಲ. ಕೆನ್ನೆಯ ಚರ್ಮದಿಂದ ಮೂಗನ್ನು ಕಟ್ಟುವ ಕ್ರಮ ಸುಶ್ರುತಸಂಹಿತೆಯಲ್ಲಿದೆ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗು ಕಳೆದುಕೊಂಡ ಕೋವಾಸ್ಜಿ ಎಂಬ, ಆಂಗ್ಲಸೇನೆಯ ಎತ್ತಿನಗಾಡಿಯವನಿಗೆ ಪುಣೆಯ ಬಳಿ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿದ ವೃತ್ತಾಂತವು 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜಿನ್‌ನಲ್ಲಿ ಅಚ್ಚಾಯಿತು. ಅಲ್ಲಿ ಕೊಟ್ಟವನೂ ಪಡೆದವನೂ ಒಬ್ಬನೇ.

ಇಂದಿಗೂ ಶಸ್ತ್ರವೈದ್ಯರು ಮೊದಲು ಆಯ್ದುಕೊಳ್ಳುವುದು ರೋಗಿಯ ಸ್ವಂತ ಮೃದ್ವಸ್ಥಿಯನ್ನೇ. ಮೂಗಿನ ಹೊಳ್ಳೆಗಳ ನಡುವಿನ ಗೋಡೆಯಿಂದ, ಅದು ಸಾಲದಿದ್ದರೆ ಕಿವಿಯಿಂದ, ಹೆಚ್ಚು ಬೇಕಾದಾಗ ಪಕ್ಕೆಲುಬಿನಿಂದ ತೆಗೆಯುತ್ತಾರೆ. ಪಕ್ಕೆಲುಬಿನದು ಇನ್ನೊಂದು ಗಾಯ, ಇನ್ನೊಂದು ನೋವು. ಅದನ್ನು ತಪ್ಪಿಸಲು ಮೃತದಾನಿಗಳ ಮೃದ್ವಸ್ಥಿಯನ್ನೋ ಸಂಸ್ಕರಿಸಿದ ಚರ್ಮವನ್ನೋ ಬಳಸುವುದುಂಟು. ಹಂದಿಯ ಚರ್ಮದಿಂದ ತಯಾರಾದ ಪದರಗಳೂ ಬಳಕೆಯಾಗಿವೆ. ಹೊಲಿಗೆಯ ಕ್ಯಾಟ್‌ಗಟ್ ದಾರವಂತೂ ಕುರಿ ಅಥವಾ ದನದ ಕರುಳಿನದು.

ಸ್ವಂತ ಅಂಗಾಂಶದಲ್ಲಿ ಎರಡನೆಯ ಜೀವಿಗೆ ಬಾಧೆಯಿಲ್ಲ. ಬದುಕಿದ್ದಾಗ ಒಪ್ಪಿ ಕೊಟ್ಟವರ ದಾನದಲ್ಲಿ ಹಿಂಸೆಯಿಲ್ಲವಾದರೂ, ಅಪಘಾತದಲ್ಲಿ ಮುಖ ಜಜ್ಜಿಹೋದವನಿಗೆ ಸಲ್ಲಬೇಕಾದದ್ದನ್ನು ಮೂಗಿನ ಏಣು ಎತ್ತರಿಸಲು ಬಳಸುವುದು ನನಗೆ ಒಪ್ಪಿಗೆಯಿಲ್ಲ. ಪ್ರಾಣಿಜನ್ಯ ವಸ್ತುವಿನ ವಿಷಯದಲ್ಲಿ "ಕೊಂದವರು ನಾವಲ್ಲ" ಎಂಬ ಸಮಾಧಾನ ನಿಲ್ಲದು; ಕೃತ, ಕಾರಿತ, ಅನುಮೋದನ ಮೂರರಲ್ಲೂ ಬಂಧವಿದೆ. ನಾನು ವ್ಯಾಪಾರಿ; ಕೊಳ್ಳುವವನಿಲ್ಲದೆ ಯಾವ ಸರಕೂ ತಯಾರಾಗದೆಂದು ಬಲ್ಲೆ. (ಪ್ರಾಣ ಉಳಿಸಲು ಹಂದಿಯ ಹೃದಯಕವಾಟ ಹಾಕಿಸಿಕೊಂಡವರನ್ನು ಈ ಮಾತಿಗೆ ಎಳೆಯಬಾರದು. ಅದು ಆಪತ್ತಿನ ವಿಚಾರ.)

ಶರೀರಮದದ ಪ್ರಶ್ನೆ ಇನ್ನೂ ಉಳಿದಿದೆ. ಉಸಿರಾಟದ ತೊಂದರೆಗೋ ಗಾಯಕ್ಕೋ ಚಿಕಿತ್ಸೆ ಪಡೆಯುವವರಲ್ಲಿ ಮದವನ್ನು ಹುಡುಕುವುದು ಕ್ರೌರ್ಯ. ಹೆಣ್ಣು ನೋಡಲು ಬಂದು ಮೂಗನ್ನು ಆಡಿಕೊಂಡು ಹೋದ ಮನೆಯವರ ಮಾತಿಗೆ ನೊಂದು ಕನ್ಯೆಯೊಬ್ಬಳು ಶಸ್ತ್ರಕ್ಕೆ ಮುಖವೊಡ್ಡಿದರೆ, ಆ ಮದ ಯಾರದು? ಕಾರಿತದ ಪಾಲು ಅವರ ಖಾತೆಗೇ ಬರೆಯಲ್ಪಡುತ್ತದೆ. ಸುಮ್ಮನೆ ಹಣ ಕಟ್ಟಿದ ತಂದೆಯ ಖಾತೆಗೂ ಕೊಂಚ.

ಬಸದಿಗಳ ಟ್ರಸ್ಟುಗಳು ಸಮಾಜದ ವೈದ್ಯರಿಂದ ಕಸಿ ವಸ್ತುಗಳ, ಹೊಲಿಗೆ ದಾರಗಳ ಮೂಲವನ್ನು ತಿಳಿಸುವ ಚಿಕ್ಕ ಪಟ್ಟಿಯೊಂದನ್ನು ಮಾಡಿಸಿ ಹಂಚಲಿ. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯರನ್ನು ಏನು ಕೇಳಬೇಕೆಂಬುದು ಆಗ ಮನೆಯವರಿಗೆ ತಿಳಿದಿರುತ್ತದೆ.