ಮಾವನವರ ಅಂತ್ಯಕಾಲ ಮತ್ತು ಮನೆಯವರ ಧರ್ಮ

ಸಲ್ಲೇಖನವನ್ನು ಸ್ವೀಕರಿಸುವ ಶ್ರಾವಕನ ಕರ್ತವ್ಯಗಳನ್ನು ಶಾಸ್ತ್ರಗಳು ವಿವರವಾಗಿ ನಿರೂಪಿಸಿವೆ. ಅವನ ಹಾಸಿಗೆಯ ಬಳಿ ಕುಳಿತವರ ಧರ್ಮವೇನೆಂಬ ವಿಚಾರವು ಮಾತ್ರ ಅಪರೂಪಕ್ಕೆ ಚರ್ಚೆಗೆ ಬರುತ್ತದೆ. ಬದುಕೆಲ್ಲ ದುಡಿದು ಮನೆತನವನ್ನು ನಿಲ್ಲಿಸಿದ ಹಿರಿಯರನ್ನು ಕೊನೆಗಾಲದಲ್ಲಿ ಗೌರವಿಸುವ ಬಗೆ ಯಾವುದು?

ವಯನಾಡಿನಲ್ಲಿ ಕನ್ನಡ ಮನೆಮಾತಿನ ಜೈನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಅಂತಹ ಮನೆಯೊಂದರಿಂದ ಬಂಡೀಪುರದ ಕಾಡುದಾರಿಯಾಗಿ ಗುಂಡ್ಲುಪೇಟೆಗೆ ವಲಸೆ ಬಂದ ಗೃಹಸ್ಥರೊಬ್ಬರ ನಿದರ್ಶನವು ಇಲ್ಲಿ ವಿಚಾರಾರ್ಹವಾಗಿದೆ. ಹಿತ್ತಾಳೆ ಪಾತ್ರೆಗಳ ಮೂಟೆಯನ್ನು ತಲೆಯ ಮೇಲೆ ಹೊತ್ತು ಸಂತೆಯಿಂದ ಸಂತೆಗೆ ನಡೆದವರು ಅವರು. ಸಂಜೆ ಗಿರಾಕಿ ಎಷ್ಟೇ ಇರಲಿ, ಸೂರ್ಯಾಸ್ತಕ್ಕೆ ಮುನ್ನ ಬುತ್ತಿ ಬಿಚ್ಚುವ ನಿಯಮವನ್ನು ಅವರು ಎಂದೂ ಬಿಡಲಿಲ್ಲ. ಮಕ್ಕಳು ಓದಿದರು, ಚಾಮರಾಜನಗರದಲ್ಲಿ ಮನೆಯಾಯಿತು. ಎಂಬತ್ತು ದಾಟಿದ ಮೇಲೆ ಔಷಧಕ್ಕೆ ಮಣಿಯದ ವ್ಯಾಧಿ ಬಂದಾಗ ಅವರು ಆಹಾರವನ್ನು ಕ್ರಮವಾಗಿ ತ್ಯಜಿಸುವ ಇಚ್ಛೆಯನ್ನು ತಿಳಿಸಿದರು.

ಮಕ್ಕಳು ಒಪ್ಪಲಿಲ್ಲ. “ನಮ್ಮ ಹೊಟ್ಟೆ ತುಂಬಿಸಲು ಹಸಿದು ನಡೆದ ಅಪ್ಪನವರನ್ನು ಹಸಿವಿನಲ್ಲೇ ಕಳುಹಿಸುವುದು ಹೇಗೆ?” ಎಂದರು. ಇದು ತಳ್ಳಿಹಾಕುವ ಮಾತಲ್ಲ. ಬಂಧುಗಳಲ್ಲಿ ಕೆಲವರು ಮಾತ್ರ ಉತ್ಸಾಹಗೊಂಡು, ಮನೆತನಕ್ಕೆ ಕೀರ್ತಿ ಬರುವುದೆಂದು ಮೆರವಣಿಗೆಯ ಮಾತೆತ್ತಿದರು. ಸೊಸೆಯು ಮಾವನವರ ಪಾದಗಳ ಬಳಿ ಕುಳಿತು, ಅವರು ಪಟ್ಟ ಕಷ್ಟಗಳನ್ನೆಲ್ಲ ಒಂದೊಂದಾಗಿ ಹೇಳಿ ಕೊಂಡಾಡಿದಳು. ಅವರು ಮೆಲ್ಲನೆ, “ಆ ಮೂಟೆ ಇಳಿಸಿ ಬಹಳ ದಿನವಾಯಿತಮ್ಮಾ. ಮತ್ತೆ ನನ್ನ ತಲೆಯ ಮೇಲೆ ಇಡಬೇಡ” ಎಂದರು.

ತತ್ತ್ವಾರ್ಥಸೂತ್ರವು ಸಲ್ಲೇಖನಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಜೀವಿತಾಶಂಸೆ, ಮರಣಾಶಂಸೆ, ಮಿತ್ರಾನುರಾಗ, ಸುಖಾನುಬಂಧ ಮತ್ತು ನಿದಾನ. ಇವು ವ್ರತಿಯ ದೋಷಗಳೆಂಬುದು ನಿಜ. ಆದರೆ ಅವುಗಳಿಗೆ ನಿಮಿತ್ತರಾಗುವವರು ಅನೇಕ ವೇಳೆ ಮನೆಯವರೇ. ಅಳುತ್ತ ಹಿಡಿದುಕೊಂಡರೆ ಬದುಕುವ ಆಸೆ ಕೆರಳುತ್ತದೆ. ಕೀರ್ತಿಗಾಗಿ ಅವಸರಪಡಿಸಿದರೆ ಸಾಯುವ ಆಸೆಯನ್ನು ಬಿತ್ತಿದಂತಾಗುತ್ತದೆ. ಹಿಂದಿನದನ್ನು ಹೊಗಳಿದರೆ ಮನಸ್ಸು ಅಲ್ಲಿಗೇ ಹರಿಯುತ್ತದೆ. ಸಾವನ್ನು ಬಯಸುವುದೂ ದೋಷವೇ ಆಗಿರುವುದರಿಂದ ಈ ವ್ರತವು ಆತ್ಮಹತ್ಯೆಯಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಇದನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಾಗ ಸಮಾಜವು ಕಳವಳಗೊಂಡಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಹೊರಗಿನವರಿಗೆ ಭೇದವನ್ನು ವಿವರಿಸುವ ಮೊದಲು ಮನೆಯೊಳಗೆ ಅದನ್ನು ಪಾಲಿಸಬೇಕಾಗಿದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳು ಪ್ರತೀಕಾರವಿಲ್ಲದಂತೆ ಬಂದಾಗ ಮಾತ್ರ ಇದನ್ನು ವಿಧಿಸಿದ್ದಾರೆ. ಗುಣವಾಗುವ ರೋಗಕ್ಕೆ ಚಿಕಿತ್ಸೆಯೇ ಯುಕ್ತ. ಆಹಾರತ್ಯಾಗಕ್ಕೆ ಮೊದಲು ಸ್ನೇಹ, ವೈರ, ಪರಿಗ್ರಹಗಳನ್ನು ಬಿಟ್ಟು, ಸ್ವಜನರನ್ನೂ ಪರಿಜನರನ್ನೂ ಕ್ಷಮಿಸಿ, ಅವರಿಂದ ಕ್ಷಮೆ ಬೇಡಬೇಕೆಂದು ಅವರು ಹೇಳುತ್ತಾರೆ. ಅನಂತರ ಮಾಡಿದ, ಮಾಡಿಸಿದ, ಅನುಮೋದಿಸಿದ ಪಾಪಗಳ ಆಲೋಚನೆ. ಕೊನೆಯಲ್ಲಿ ಆಹಾರತ್ಯಾಗ, ಅದೂ ಹಂತಹಂತವಾಗಿ.

ಈ ಕ್ರಮವನ್ನು ಅರಿತಿದ್ದ ಹಿರಿಯರು ಸೊಸೆಯಿಂದ ಹಳೆಯ ಲೆಕ್ಕದ ಪುಸ್ತಕವನ್ನು ತರಿಸಿದರು. ರೈತನೊಬ್ಬನು ಬರಗಾಲದಲ್ಲಿ ಒತ್ತೆಯಿಟ್ಟು ಬಿಡಿಸಿಕೊಳ್ಳಲಾರದೆ ಹೋದ ತಾಮ್ರದ ಹಂಡೆ. ಮೂಟೆ ಹೊತ್ತವನಿಗೆ ಕಡಿಮೆ ಕೊಟ್ಟ ಕೂಲಿ. ಈ ಎರಡು ಅವರ ಮನಸ್ಸನ್ನು ಚುಚ್ಚುತ್ತಿದ್ದವು. ಸೊಸೆಯು ಗಂಡನೊಡನೆ ಗುಂಡ್ಲುಪೇಟೆಗೆ ಹೋಗಿ, ಆ ಮನೆಗಳನ್ನು ಹುಡುಕಿ, ರೈತನ ಮೊಮ್ಮಗನಿಗೆ ಹಂಡೆಯನ್ನೂ ಕೂಲಿಯವನ ಮಗಳಿಗೆ ಹಣವನ್ನೂ ಒಪ್ಪಿಸಿ, ಮಾವನವರ ಪರವಾಗಿ ಕೈಮುಗಿದು ಬಂದಳು. ಆ ದಿನದಿಂದ ಮಕ್ಕಳೂ ತಡೆಯಲಿಲ್ಲ. ಅಂದು ಬಡತನವು ಹೇರಿದ ಹಸಿವೇ ಬೇರೆ, ಇಂದು ತಂದೆಯವರು ಅರಿತು ಬಿಡುತ್ತಿರುವ ಅನ್ನವೇ ಬೇರೆ ಎಂಬುದು ಅವರಿಗೆ ತಿಳಿಯಿತು.

ಚಾಮರಾಜನಗರದ ಪಾರ್ಶ್ವನಾಥ ಬಸದಿಯನ್ನು 1117ರಲ್ಲಿ ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. ಕೆಟ್ಟುಹೋದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ ಕಳೆದುಕೊಂಡದ್ದನ್ನು ಕೊಟ್ಟು ಸಲಹಿದನೆಂದು ಅವನ ಶಾಸನವು ಸ್ಮರಿಸುತ್ತದೆ. ದಂಡನಾಯಕನ ಕೀರ್ತಿಗೂ ಆಧಾರವಾದುದು ಯುದ್ಧವೊಂದೇ ಅಲ್ಲ.

ದುಡಿದ ಹಿರಿಯರಿಗೆ ಹೊಗಳಿಕೆಗಿಂತ ಋಣವಿಮೋಚನೆಯೇ ದೊಡ್ಡ ಸೇವೆ. ಅಂತ್ಯಕಾಲದಲ್ಲಿ ಮನೆಯವರು ಹಿಡಿಯಲೂಬಾರದು, ನೂಕಲೂಬಾರದು. ನೋವಿಗೆ ಉಪಚಾರ, ಕೇಳಿದಾಗ ನೀರು, ಕಿವಿಗೆ ಪಂಚನಮಸ್ಕಾರ ಇವು ಅವರ ಪಾಲಿನ ಕರ್ತವ್ಯಗಳು. ಹಿರಿಯರ ಮನಸ್ಸಿನಲ್ಲಿ ಯಾರ ಹಂಡೆ ಉಳಿದಿದೆಯೆಂಬುದನ್ನು ಅವರು ಮಾತನಾಡಬಲ್ಲ ಕಾಲದಲ್ಲೇ ಕೇಳಿ ತಿಳಿಯುವುದು ಪ್ರತಿಯೊಂದು ಶ್ರಾವಕ ಮನೆತನಕ್ಕೂ ಉಚಿತವಾದುದು.